ದುಗ್ಗಮ್ಮನನ್ನು ಉಪವಾಸ ಕೆಡವಿದವರು

ಕೋಣಂದೂರಿನಿಂದ ರಿಪ್ಪನ್‌ಪೇಟೆ ಕಡೆಗೆ ಹೋಗುವ ದಾರಿಯಲ್ಲಿ ಒಂದು ಊರು. ಹೆಸರು ಹೇಳುವುದಿಲ್ಲ. ಹೇಳಿದರೆ ಉಳಿದ ಊರಿನವರೆಲ್ಲ "ಸದ್ಯ, ನಮ್ಮೂರಲ್ಲ" ಅಂತ ಆರಾಮಾಗಿ ಕೂತುಬಿಡುತ್ತೀರಿ.

ಆ ಊರಲ್ಲಿ ಕೆರಿಯಪ್ಪನ ಮನೆ. ಗೇಣಿ ಗದ್ದೆ ಅವನ ಅಪ್ಪನ ಕಾಲದಲ್ಲಿ ಸ್ವಂತದ್ದಾಗಿತ್ತು. ಎರಡು ಎಮ್ಮೆ ಕಟ್ಟಿದ್ದಾನೆ. ಹೆಂಡತಿ ದುಗ್ಗಮ್ಮ, ಐವತ್ತರ ಆಸುಪಾಸಿನವಳು. ಗಂಡ ತೀರಿಹೋದ ಮೇಲೆ ತವರಿಗೆ ಬಂದ ಕೆರಿಯಪ್ಪನ ಅಕ್ಕ ಕನ್ನಮ್ಮನೂ ಅಲ್ಲೇ ಇದ್ದಾಳೆ. ಒಬ್ಬಳೇ ಮಗಳು ಸ್ವಾತಿ. ಮದುವೆಯಾಗಿ ಸಾಗರದಲ್ಲಿದ್ದಾಳೆ, ರವಿಕೆ ಹೊಲಿಯುತ್ತಾಳೆ.

ಕಳೆದ ಆಷಾಢದಲ್ಲಿ ನಾಟಿ ಮುಗಿಯುವ ಹೊತ್ತಿಗೆ ದುಗ್ಗಮ್ಮನಿಗೆ ಹೊಟ್ಟೆನೋವು ಬಂತು. ನಮ್ಮಲ್ಲಿ ಹೊಟ್ಟೆನೋವು ಅಂದರೆ ಏನು ಮಾಡುತ್ತೇವೆ? ಓಮ ಜಗಿ ಅನ್ನುತ್ತೇವೆ. ಜೀರಿಗೆ ಕಷಾಯ ಕುಡಿ ಅನ್ನುತ್ತೇವೆ. ಅದನ್ನೇ ಮಾಡಿದರು. ಹೊಟ್ಟೆ ಉಬ್ಬಿ ತಮಟೆಯ ಹಾಗೆ ಬಿಗಿಯಿತು. ಗಾಳಿಯೂ ಹೋಗಲಿಲ್ಲ. ಕುಡಿದ ನೀರೆಲ್ಲ ವಾಂತಿ. ಆಮೇಲೆ ಪಕ್ಕದ ಮನೆಯ ಜಟ್ಟಿಂಗಪ್ಪ ತನ್ನ ಓಮ್ನಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದ.

"ದೊಡ್ಡ ಕರುಳು ತಿರುಚಿಕೊಂಡಿದೆ. ಆ ಭಾಗ ಕೊಳೀತಾ ಇದೆ. ಈಗಲೇ ಆಪರೇಶನ್ ಆಗ್ಬೇಕು" ಅಂದರು ಡಾಕ್ಟರು.

ಆಯಿತು. ಕೆಟ್ಟ ಭಾಗ ಕತ್ತರಿಸಿ ತೆಗೆದರು. ಮೇಲಿನ ಕರುಳಿನ ತುದಿಯನ್ನು ಹೊಟ್ಟೆಯ ಎಡಭಾಗದಲ್ಲಿ ಹೊರಗೆ ತಂದು ಹೊಲಿದರು. ಅದರ ಮೇಲೆ ಒಂದು ಬ್ಯಾಗ್ ಅಂಟಿಸಿದರು. ಮಲ ಆ ಬ್ಯಾಗಿಗೆ ಬರುತ್ತದೆ.

"ಮೈ ಗಟ್ಟಿಯಾಗ್ಲಿ. ಕೆಲವು ತಿಂಗಳು ಬಿಟ್ಟು ಕರುಳು ಮತ್ತೆ ಜೋಡಿಸಿ, ಈ ಬ್ಯಾಗ್ ತೆಗೆಯೋಣ" ಅಂದರು ಡಾಕ್ಟರು.

ಬ್ಯಾಗ್ ತೆಗೆಯುತ್ತಾರೆ ಅನ್ನುವುದು ಎಲ್ಲರ ಕಿವಿಗೂ ಬಿತ್ತು. ಮೈ ಗಟ್ಟಿಯಾಗಬೇಕು ಅನ್ನುವುದು ಒಬ್ಬರ ಕಿವಿಗೂ ಬೀಳಲಿಲ್ಲ.

ಆ ವಾರ್ಡಿನ ನರ್ಸ್ ರಂಜನಾ ಕರೆದಿದ್ದಳು. "ಮನೆಯವರು ಬನ್ನಿ. ಬ್ಯಾಗ್ ಬದಲಾಯಿಸೋದು ನೋಡಿ ಕಲೀರಿ. ಮನೇಲಿ ಮಾಡೋರು ನೀವೇ." ಕೆರಿಯಪ್ಪ "ಬಂದೆ ಸಿಸ್ಟರ್" ಅಂತ ಹೊರಗೆ ಬೀಡಿ ಸೇದಲು ಹೋದವನು ಬರಲೇ ಇಲ್ಲ. ಕನ್ನಮ್ಮ ಮೂಗಿಗೆ ಸೆರಗು ಒತ್ತಿಕೊಂಡು ಗೋಡೆ ಕಡೆ ತಿರುಗಿ ನಿಂತಳು. ಸ್ವಾತಿ ಆಗ ಐದು ತಿಂಗಳ ಕೂಸಿಗೆ ಜ್ವರ ಅಂತ ಸಾಗರಕ್ಕೆ ಹೋಗಿದ್ದಳು. ದುಗ್ಗಮ್ಮನಿಗೆ ಕಣ್ಣು ಬಿಡುವಷ್ಟೂ ಶಕ್ತಿ ಇರಲಿಲ್ಲ. ಹೀಗೆ, ಏನೂ ಕಲಿಯದೆ ಎಲ್ಲರೂ ಮನೆಗೆ ಬಂದರು.

ಮನೆಯಲ್ಲಿ ಶುರುವಾಯಿತು ನೋಡಿ.

ಮೊದಲ ಬ್ಯಾಗ್ ಕಿತ್ತುಬಂತು. ಕನ್ನಮ್ಮ ಆ ಜಾಗಕ್ಕೆ ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದಳು. "ಹಸಿ ಗಾಯ, ಒಣಗ್ಬೇಕಲ್ಲ" ಅಂದಳು. ಎಣ್ಣೆ ಹಚ್ಚಿದ ಚರ್ಮಕ್ಕೆ ಅಂಟು ಹಿಡಿಯುತ್ತದೆಯೇ? ಎರಡನೇ ಬ್ಯಾಗ್ ಅರ್ಧ ದಿನವೂ ನಿಲ್ಲಲಿಲ್ಲ. ಮಲ ಸೋರಿ ಸುತ್ತಲಿನ ಚರ್ಮ ಸುಟ್ಟ ಹಾಗಾಯಿತು. ಹಳೆ ಪಂಚೆ ಹರಿದು ಹೊಟ್ಟೆಗೆ ಸುತ್ತಿದರು. ವಾಸನೆ ಬಂತು. ಬಾರದೆ ಇರುತ್ತದೆಯೇ?

ದುಗ್ಗಮ್ಮನ ಹಾಸಿಗೆ ಒಳಕೋಣೆಯಿಂದ ಹಿಂದಿನ ಕಟ್ಟಿಗೆ ಮನೆಗೆ ಹೋಯಿತು. ಅವಳ ತಟ್ಟೆ, ಲೋಟ ಬೇರೆಯಾದವು. ಅಡುಗೆಮನೆಯ ಹೊಸ್ತಿಲು ದಾಟಬೇಡ ಅಂದರು. ಮೂವತ್ತು ವರ್ಷ ಆ ಒಲೆಗೆ ಊದಿದವಳಿಗೆ ಅಂದ ಮಾತು ಇದು!

ಊಟ? ಮೊಟ್ಟೆ ನಂಜು. ಮೀನು ನಂಜು. ಬೇಳೆ ವಾಯು. ಮೊಸರು ಶೀತ. "ಕರುಳು ಹೊಲಿದದ್ದು. ಭಾರ ಹಾಕಿದ್ರೆ ಬಿಚ್ಚಿಹೋಗ್ತದೆ ಮಾರಾಯ್ತಿ" ಅಂತ ಕನ್ನಮ್ಮ ಗಂಜಿಯ ತಿಳಿ ಬಸಿದು ಕೊಡುತ್ತಿದ್ದಳು. ಅಗುಳು ಎಮ್ಮೆಯ ಬಾನಿಗೆ ಹೋಗುತ್ತಿತ್ತು.

ಕನ್ನಮ್ಮ ಕೆಟ್ಟವಳಲ್ಲ. ಅವಳ ಅಜ್ಜಿ ಹೇಳಿದ್ದನ್ನು ಅವಳು ಮಾಡಿದಳು. ಆದರೆ ಒಳ್ಳೆಯ ಮನಸ್ಸಿನಿಂದ ಉಪವಾಸ ಕೆಡವಿದರೂ ಹೊಟ್ಟೆ ಹೊಟ್ಟೆಯೇ. ಅದಕ್ಕೆ ಅನ್ನ ಬೇಕು.

ಇನ್ನೂ ಕೆಟ್ಟದ್ದೇನು ಗೊತ್ತೇ? ಸ್ವಲ್ಪ ದಿನ ಕಳೆದ ಮೇಲೆ ದುಗ್ಗಮ್ಮನೇ ಆ ತಿಳಿಯನ್ನೂ ಅರ್ಧ ಬಿಡತೊಡಗಿದಳು. ತಿಂದರೆ ಬರುತ್ತದೆ. ಬಂದರೆ ಸೋರುತ್ತದೆ. ಸೋರಿದರೆ ಮೂಗು ಮುಚ್ಚುತ್ತಾರೆ. ತಿನ್ನದೆ ಇದ್ದರೆ ಯಾವ ರಗಳೆಯೂ ಇಲ್ಲ. ಮಗಳು ಫೋನ್ ಮಾಡಿದಾಗ "ಆರಾಮಿದೀನಿ ಕಣೆ, ಉಂಡೆ" ಅನ್ನುತ್ತಿದ್ದಳು.

ಭೂಮಿ ಹುಣ್ಣಿಮೆ ಬಂತು. ಪೈರು ಹೊಡೆ ತುಂಬಿ ನಿಲ್ಲುವ ಕಾಲ. ಬಸುರಿ ಭೂಮಿತಾಯಿಗೆ ಬಯಕೆ ಊಟ ಬಡಿಸುವ ಹಬ್ಬ. ಹಿಂದಿನ ದಿನ ಮಧ್ಯಾಹ್ನ ಸ್ವಾತಿ ಕೂಸನ್ನು ಎತ್ತಿಕೊಂಡು ಸಾಗರದ ಬಸ್ ಇಳಿದು ಬಂದಳು. ಅಡುಗೆಮನೆಯಲ್ಲಿ ಕನ್ನಮ್ಮ ಸೊಪ್ಪು ಹೆಚ್ಚುತ್ತಿದ್ದಳು. ಹೀರೆಕಾಯಿ, ಅಮಟೆಕಾಯಿ, ಕೆಸು, ಕಡುಬಿಗೆ ಸೌತೆಕಾಯಿ, ಎಲ್ಲ ರಾಶಿ ಬಿದ್ದಿತ್ತು. ಗದ್ದೆಗೆ ಚೆಲ್ಲುವ ಚರಗದ ಅನ್ನ ಒಯ್ಯಲು ಕೆರಿಯಪ್ಪ ಚಿತ್ತಾರ ಬರೆದ ಬುಟ್ಟಿಯನ್ನು ಒರೆಸುತ್ತಿದ್ದ.

"ಅವ್ವ ಎಲ್ಲಿ ಅಪ್ಪ?"

"ಹಿಂದೆ ಮಲಗಿದಾಳೆ."

"ಹಿಂದೆ ಅಂದ್ರೆ?"

ಕೆರಿಯಪ್ಪ ಬುಟ್ಟಿಯಿಂದ ತಲೆ ಎತ್ತಲಿಲ್ಲ.

ಸ್ವಾತಿ ಕಟ್ಟಿಗೆ ಮನೆಯ ಬಾಗಿಲು ದೂಡಿದಳು. ಸೌದೆ ರಾಶಿಯ ಪಕ್ಕದಲ್ಲಿ ಒಂದು ಚಾಪೆ. ಚಾಪೆಯ ಮೇಲೆ ಅವ್ವ. ಕೆನ್ನೆ ಒಳಗೆ ಹೋಗಿತ್ತು. ಕೈ ಬಳೆ ಮೊಣಕೈವರೆಗೆ ಸರಿಯುತ್ತಿತ್ತು. ಹೊಟ್ಟೆಯ ಬಟ್ಟೆ ಬಿಚ್ಚಿ ನೋಡಿದಳು. ಸುತ್ತಲೂ ಚರ್ಮ ಕೆಂಪಾಗಿ ಸುಲಿದು ನೀರಾಡುತ್ತಿತ್ತು.

"ಅವ್ವಾ, ಬೆಳಿಗ್ಗೆ ಎಂತ ಉಂಡೆ?"

"ಹಸಿವಿಲ್ಲ ಕಣೆ."

"ನಿನ್ನೆ?"

ದುಗ್ಗಮ್ಮ ಬಿಚ್ಚಿದ ಬಟ್ಟೆಯನ್ನು ಹೊಟ್ಟೆಗೆ ಎಳೆದುಕೊಂಡಳು. ಮತ್ತೆ ಮೆಲ್ಲಗೆ, "ಯಾರತ್ರನೂ ಕೂಗಾಡಬೇಡ. ಹಬ್ಬದ ಮನೆ" ಅಂದಳು.

ಸ್ವಾತಿ ಕೂಗಾಡದೆ ಇರಲಿಲ್ಲ. ಅಡುಗೆಮನೆಗೆ ಬಂದು ನಿಂತು ಕೇಳಿದಳು:

"ಅತ್ತೆ, ಇಷ್ಟೆಲ್ಲ ಅಡುಗೆ ಯಾರಿಗೆ?"

"ಎಂತ ಹೀಗೆ ಕೇಳ್ತೀಯ? ಭೂಮಿತಾಯಿಗೆ. ಬಸುರಿಗೆ ಬಯಕೆ ತೀರಿಸ್ಬೇಕಲ್ಲ."

"ನನ್ನ ಹೆತ್ತ ಬಸುರಿ ಕಟ್ಟಿಗೆ ಮನೇಲಿ ಸಾಯ್ತಾ ಇದಾಳೆ. ಅವಳಿಗೆ ಎಂತ ಮಾಡಿದೀರಿ?"

"ನೋಡು, ಪಥ್ಯ ಅಂದ್ರೆ ಪಥ್ಯ. ನಿಂಗೆ ಗೊತ್ತಾಗಲ್ಲ. ಆಪರೇಶನ್ ಆದ ಮೈ..."

"ಡಾಕ್ಟ್ರು ಹೇಳಿದ್ರಾ ಊಟ ಕೊಡಬೇಡಿ ಅಂತ? ಅಪ್ಪ, ನೀ ಹೇಳು. ಹೇಳಿದ್ರಾ?"

"ಡಾಕ್ಟ್ರು ನೂರು ಹೇಳ್ತಾರೆ" ಅಂದ ಕೆರಿಯಪ್ಪ. "ಕಾಲು ನೋಡು ಅವಳ್ದು. ಊದಿ ದಪ್ಪ ಆಗಿದೆ. ಅಷ್ಟೇನೂ ಸೊರಗಿಲ್ಲ."

ಅಷ್ಟರಲ್ಲಿ ಹಿಂದೆ ಧಡ್ ಅಂತ ಸದ್ದಾಯಿತು. ಜಗಳ ಬಿಡಿಸಲು ಎದ್ದು ಬಂದ ದುಗ್ಗಮ್ಮ ಬಾಗಿಲಲ್ಲೇ ಬಿದ್ದಿದ್ದಳು.

ಕೆರಿಯಪ್ಪ ಆಗಲೂ ಏನಂದ ಗೊತ್ತೇ? "ನಾಳೆ ಬೆಳಿಗ್ಗೆ ಚರಗ ಚೆಲ್ಲಿ ಆಸ್ಪತ್ರೆಗೆ ಹೋದ್ರಾಗದಾ?"

"ಗದ್ದೆ ಎಲ್ಲಿಗೂ ಹೋಗಲ್ಲ ಅಪ್ಪ, ಅವ್ವ ಹೋಗ್ತಾಳೆ!" ಅಂತ ಕಿರುಚಿದಳು ಸ್ವಾತಿ. ಆ ಕಿರುಚಾಟಕ್ಕೆ ಜಟ್ಟಿಂಗಪ್ಪ ಓಡಿಬಂದ. ಮತ್ತೆ ಅದೇ ಓಮ್ನಿ.

ಆಸ್ಪತ್ರೆಯಲ್ಲಿ ಅದೇ ರಂಜನಾ. ದುಗ್ಗಮ್ಮನ ಮುಖ ನೋಡಿ ಮೊದಲು ಗುರುತೇ ಹಿಡಿಯಲಿಲ್ಲ. ಗುರುತು ಹಿಡಿದ ಮೇಲೆ ಅವಳ ಮುಖ ಕೆಂಪಾಯಿತು.

"ಇವರಿಗೆ ಊಟ ಹಾಕ್ತಿದ್ದೋರು ಯಾರು?"

ಸ್ವಾತಿ ಅಪ್ಪನ ಕಡೆ ನೋಡಿದಳು.

"ಕಾಲು ದಪ್ಪ ಆಗಿತ್ತು ಸಿಸ್ಟರ್, ನಾವು ಮೈ ತುಂಬ್ತು ಅಂತ..." ಅಂದ ಕೆರಿಯಪ್ಪ.

ರಂಜನಾ ದುಗ್ಗಮ್ಮನ ಪಾದದ ಮೇಲೆ ಹೆಬ್ಬೆರಳು ಒತ್ತಿ ತೆಗೆದಳು. ಹಸಿ ಮಣ್ಣಿನಲ್ಲಿ ಬೆರಳೂರಿದ ಹಾಗೆ ಗುಳಿ ಹಾಗೇ ಉಳಿಯಿತು.

"ನೋಡಿದ್ರಾ? ಇದು ಮಾಂಸ ಅಲ್ಲ, ನೀರು. ಮೈಗೆ ಪ್ರೋಟೀನ್ ಸಿಗದಿದ್ರೆ ಹೀಗೆ ನೀರು ನಿಲ್ಲುತ್ತೆ. ಬೇಳೆ, ಮೊಟ್ಟೆ, ಮೀನು, ಹಾಲು, ಮೊಸರು, ನೀವು ನಂಜು ಅಂತ ತಪ್ಪಿಸ್ತೀರಲ್ಲ, ಅದರಲ್ಲೇ ಇರೋದು ಅದು. ಗಾಯ ಕೂಡೋಕೆ ಅದೇ ಬೇಕು. ಗೋಡೆ ಕಟ್ಟು ಅಂತ ಹೇಳಿ ಇಟ್ಟಿಗೆ ಕೊಡದೆ ಕೂತಿದೀರಿ ನೀವು."

ಡಾಕ್ಟರು ಬಂದು ನೋಡಿದರು. ರಕ್ತ ಪರೀಕ್ಷೆ ಮಾಡಿಸಿದರು. ಆಮೇಲೆ ಕೆರಿಯಪ್ಪನನ್ನು ಕರೆದು ಹೇಳಿದರು: "ಈಗ ಕರುಳು ಜೋಡಿಸೋ ಮಾತೇ ಇಲ್ಲ. ಈ ಮೈಯಲ್ಲಿ ಹೊಲಿಗೆ ನಿಲ್ಲಲ್ಲ. ನಿಲ್ಲದಿದ್ರೆ ಪ್ರಾಣಕ್ಕೇ ಅಪಾಯ. ಮೊದಲು ಇವರು ಉಣ್ಣಬೇಕು."

ಬ್ಯಾಗಿನ ರಗಳೆ ಬೇಡ ಅಂತಲೇ ದುಗ್ಗಮ್ಮ ಹೊಟ್ಟೆ ಕಟ್ಟಿದ್ದಳು. ಹೊಟ್ಟೆ ಕಟ್ಟಿದ್ದಕ್ಕೇ ಬ್ಯಾಗ್ ಹೋಗುವುದು ಇನ್ನೂ ದೂರವಾಯಿತು. ಮಂಚದ ಮೇಲೆ ಮಲಗಿ ಆ ಮಾತು ಕೇಳಿದ ಅವಳು ಕಣ್ಣು ಮುಚ್ಚಿಕೊಂಡಳು.

ಹಸಿದ ಮೈಗೆ ಒಮ್ಮೆಲೇ ತುಂಬಿಸಬಾರದು ಅಂತ ರಂಜನಾ ಸ್ವಲ್ಪ ಸ್ವಲ್ಪವಾಗಿ ಊಟ ಶುರುಮಾಡಿಸಿದಳು. ನುಣ್ಣಗೆ ಬೆಂದ ಅನ್ನಕ್ಕೆ ಬೇಳೆ ಕಟ್ಟು. ಮತ್ತೆ ಮೊಸರು. ಕೆಲವು ದಿನ ಬಿಟ್ಟು ಬೇಯಿಸಿದ ಮೊಟ್ಟೆ. ದುಗ್ಗಮ್ಮ ಎದ್ದು ದಿಂಬಿಗೆ ಒರಗಿ ಕೂರುವ ಹಾಗಾದಳು. ಆ ದಿನ ರಂಜನಾ ಹೊಸ ಬ್ಯಾಗ್ ತಂದು ಮಂಚದ ಮೇಲಿಟ್ಟು, "ಯಜಮಾನ್ರೇ, ಕೈ ತೊಳ್ಕೊಂಡು ಬನ್ನಿ. ಇವತ್ತು ನೀವು ಹಾಕೋದು" ಅಂದಳು.

"ನಾನಾ? ಅದೆಲ್ಲ ಹೆಂಗಸ್ರ ಕೆಲಸ. ಮಗಳಿದಾಳಲ್ಲ" ಅಂತ ಕೆರಿಯಪ್ಪ ಎದ್ದು ಬಾಗಿಲ ಕಡೆ ಹೊರಟ.

"ನಿಲ್ಲಿ."

ಆ ದನಿ ರಂಜನಾಳದ್ದಲ್ಲ. ದುಗ್ಗಮ್ಮನದ್ದು. ಮದುವೆಯಾದ ಮೇಲೆ ಗಂಡನಿಗೆ ಅವಳು ಹಾಗೆ ಹೇಳಿದ್ದು ಅದೇ ಮೊದಲು.

"ಮಾವ ಹಾಸಿಗೆ ಹಿಡಿದಾಗ ಎರಡೂ ಕೈಯಲ್ಲಿ ಬಳಿದೋಳು ನಾನು. ಒಂದು ದಿನ ಮೂಗು ಮುಚ್ಚಲಿಲ್ಲ. ಅವರು ನಿಮ್ಮಪ್ಪ, ನನ್ನಪ್ಪ ಅಲ್ಲ. ಬೆಳಿಗ್ಗೆ ಎದ್ದು ಎಮ್ಮೆ ಸಗಣಿ ಬರಿಗೈಲಿ ಬಾಚ್ತೀರಿ, ಅದೇ ಕೈಲಿ ಬೀಡಿ ಹಚ್ತೀರಿ. ಎಮ್ಮೆದು ಆಗ್ತದೆ, ಹೆಂಡ್ತಿದು ಆಗಲ್ವಾ ನಿಮಗೆ? ನನ್ನ ಸೌದೆ ಪಕ್ಕ ಹಾಕಿದ್ರಲ್ಲ, ಸೌದೆನಾದ್ರೂ ಒಣಗಿದ್ಯಾ ಅಂತ ಬಂದು ನೋಡ್ತಿದ್ರಿ. ನನ್ನ ನೋಡೋಕೆ ಬಂದ್ರಾ?"

ಮಾತು ಮುಗಿಯುವಾಗ ಅವಳಿಗೆ ಏದುಸಿರು ಬಂದಿತ್ತು. ಅಕ್ಕಪಕ್ಕದ ಮಂಚದವರೆಲ್ಲ ಈ ಕಡೆ ತಿರುಗಿದ್ದರು. ಕೆರಿಯಪ್ಪ ಬಾಗಿಲ ಹತ್ತಿರ ಕಂಬದ ಹಾಗೆ ನಿಂತ. ಸ್ವಾತಿ ಅಪ್ಪನನ್ನು ಕರೆಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅವನು ತಿರುಗಿ ನಲ್ಲಿಯ ಕಡೆ ಹೋದ. ಸೋಪು ಹಾಕಿ ಕೈ ತೊಳೆದು ಬಂದ.

"ಎಂತ ಮಾಡ್ಬೇಕು ಹೇಳಿ ಸಿಸ್ಟರ್."

ರಂಜನಾ ಹೇಳಿಕೊಟ್ಟಳು. "ಹಳೇದನ್ನ ಎಳೀಬೇಡಿ. ಚರ್ಮನ ಒಂದು ಕೈಲಿ ಒತ್ತಿಕೊಂಡು ಮೆಲ್ಲಗೆ ಬಿಡಿಸಿ. ಹಾಂ, ಹಾಗೆ. ಈಗ ಉಗುರುಬೆಚ್ಚಗಿನ ನೀರು, ಮೆತ್ತನೆ ಬಟ್ಟೆ. ಡೆಟಾಲ್ ಬೇಡ, ಎಣ್ಣೆ ಬೇಡ, ಅರಿಶಿನ ಬೇಡ. ಸುತ್ತ ಚರ್ಮ ಪೂರ್ತಿ ಒಣಗಬೇಕು."

"ಇಲ್ಲಿ ಕೆಂಪಗಿದೆಯಲ್ಲ, ನೋವಾಗಲ್ವಾ?"

"ಅದು ಕರುಳಿನ ತುದಿ. ನಿಮ್ಮ ಬಾಯಿ ಒಳಗೆ ಹೇಗೆ ಕೆಂಪಗೆ ಒದ್ದೆ ಇರುತ್ತೋ ಹಾಗೆ. ಕೆಂಪಗಿದ್ರೆ ಚೆನ್ನಾಗಿದೆ ಅಂತ. ಮುಟ್ಟಿದ್ರೆ ನೋವಿಲ್ಲ. ಈಗ ಬ್ಯಾಗಿನ ಅಂಟು ಬಿಲ್ಲೆಯ ತೂತನ್ನ ಅದರ ಅಳತೆಗೆ ಕತ್ತರಿಸಿ. ಒಂಚೂರು ಮಾತ್ರ ದೊಡ್ಡದಿರಲಿ. ಸಂದು ಜಾಸ್ತಿ ಬಿಟ್ರೆ ಅಲ್ಲಿ ಮಲ ನಿಂತು ಚರ್ಮ ಸುಡುತ್ತೆ. ಇವರಿಗೆ ಆಗಿದ್ದು ಅದೇ."

ಮೊದಲ ಬಿಲ್ಲೆ ಓರೆ ಕತ್ತರಿಸಿ ಕೆಡಿಸಿದ. ಎರಡನೆಯದು ಸರಿಯಾಯಿತು. ಅಂಟಿಸಿ, ರಂಜನಾ ಹೇಳಿದ ಹಾಗೆ ಮೇಲೆ ಅಂಗೈ ಇಟ್ಟು ಬೆಚ್ಚಗೆ ಒತ್ತಿ ಹಿಡಿದ. ಅಷ್ಟು ಹೊತ್ತೂ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ತಪ್ಪಾಯ್ತು" ಅಂದ ಕೆರಿಯಪ್ಪ.

"ಆಯ್ತು" ಅಂದಳು ದುಗ್ಗಮ್ಮ. ತಪ್ಪು ಆಯ್ತು ಅಂತಲೋ, ಪರವಾಗಿಲ್ಲ ಅಂತಲೋ ಅವನಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಬ್ಯಾಗ್ ಸೋರಲಿಲ್ಲ. ಸೋರದೆ ಇದ್ದ ಮೇಲೆ ವಾಸನೆ ಎಲ್ಲಿಂದ? ಅರ್ಧ ತುಂಬುವ ಮೊದಲೇ ಖಾಲಿ ಮಾಡುವುದನ್ನು ದುಗ್ಗಮ್ಮನೇ ಕಲಿತಳು. ಸುಲಿದ ಚರ್ಮ ಮಾಯುತ್ತ ಬಂತು.

ಮನೆಗೆ ಬಂದ ದಿನ ಸ್ವಾತಿ ಮೊದಲು ಮಾಡಿದ ಕೆಲಸ, ಅವ್ವನ ಹಾಸಿಗೆಯನ್ನು ಒಳಕೋಣೆಗೆ ಹಾಕಿದ್ದು. ದುಗ್ಗಮ್ಮ ಸ್ನಾನ ಮಾಡಿ ನೆಟ್ಟಗೆ ಅಡುಗೆಮನೆಗೆ ನಡೆದಳು. ಕನ್ನಮ್ಮ ಒಲೆಯ ಮುಂದಿನಿಂದ ಎದ್ದು ನಿಂತಳು.

"ದುಗ್ಗಿ, ಬೇಡ ಕಣೆ. ಹೊಟ್ಟೆಗೆ ಅದನ್ನ ಕಟ್ಕೊಂಡು ಒಲೆ ಹತ್ರ ಬರ್ತಾರಾ? ಮೈಲಿಗೆ ಅಲ್ವಾ?"

"ಅತ್ತಿಗೆ, ನಿಮ್ಮ ಹೊಟ್ಟೇಲೂ ಅದೇ ಇದೆ. ನಿಮ್ದು ಕಾಣಲ್ಲ, ನಂದು ಕಾಣ್ತದೆ. ಅಷ್ಟೆ. ನಾನು ಕೈ ತೊಳೆದು ಬಂದಿದೀನಿ. ನೀವು ತೊಳೆದಿದೀರಾ?"

ಕನ್ನಮ್ಮ ಸೌಟು ಕೆಳಗಿಟ್ಟು ಹೊರಗೆ ನಡೆದಳು. ಆ ದಿನ ಉಣ್ಣದೆ ಮುಖ ಊದಿಸಿಕೊಂಡು ಜಗಲಿಯಲ್ಲಿ ಕೂತಳು. ಕೆರಿಯಪ್ಪ ಅಕ್ಕನ ಹತ್ತಿರ ಹೋಗಿ, "ಅಕ್ಕ, ನಾ ಅಲ್ಲಿ ಕಣ್ಣಾರೆ ನೋಡಿದೀನಿ. ಅವಳ ಕಾಲು ಒತ್ತಿದ್ರೆ ಗುಳಿ ಬೀಳ್ತಿತ್ತು. ಅನ್ನ ಇಲ್ದೆ ಹಾಗಾಗಿತ್ತು. ಅಗುಳೆಲ್ಲ ಎಮ್ಮೆಗೆ ಹಾಕಿದ್ವಲ್ಲ" ಅಂದ. ಎರಡು ದಿನ ಕಳೆದು ಕನ್ನಮ್ಮ ಪೇಟೆಯಿಂದ ತಮ್ಮನ ಕೈಯಲ್ಲಿ ಮೀನು ತರಿಸಿ, ಮುಳ್ಳು ಬಿಡಿಸಿ ದುಗ್ಗಮ್ಮನ ಮುಂದೆ ಇಟ್ಟಳು. "ಖಾರ ಕಮ್ಮಿ ಹಾಕಿದೀನಿ. ಚೆನ್ನಾಗಿ ಅಗಿದು ತಿನ್ನು" ಅಂದಳು. ದುಗ್ಗಮ್ಮ ತಿಂದಳು. ಇನ್ನೂ ಬೇಕು ಅಂತ ಕೇಳಿ ಹಾಕಿಸಿಕೊಂಡು ತಿಂದಳು.

ಜಟ್ಟಿಂಗಪ್ಪನ ಮನೆಯಲ್ಲಿ ನಾಮಕರಣವಾಯಿತು. ದುಗ್ಗಮ್ಮ ಬ್ಯಾಗ್ ಇದ್ದ ಹಾಗೇ ಹೊಸ ಸೀರೆ ಉಟ್ಟು ಪಂಕ್ತಿಯಲ್ಲಿ ಕೂತಳು. ಪಕ್ಕದಲ್ಲಿದ್ದ ಒಬ್ಬಳು ಎಲೆಯನ್ನು ಸ್ವಲ್ಪ ಆಚೆ ಎಳೆದುಕೊಂಡಳು. ದುಗ್ಗಮ್ಮ ಅವಳನ್ನೇ ನೋಡುತ್ತ ಪಾಯಸ ಕುಡಿದಳು.

ಶಿವರಾತ್ರಿ ಕಳೆದ ಮೇಲೆ ಡಾಕ್ಟರು ಮತ್ತೆ ಪರೀಕ್ಷೆ ಮಾಡಿದರು. ಕಾಲಿನ ಊತ ಇಳಿದಿತ್ತು, ರಕ್ತ ಸುಧಾರಿಸಿತ್ತು. ಕರುಳು ಜೋಡಿಸಿದರು. ಹೊಲಿಗೆ ನಿಂತಿತು. ಈ ಸಲ ಆಸ್ಪತ್ರೆಯಲ್ಲಿ ಕೆರಿಯಪ್ಪ ಹೊರಗೆ ಹೋಗಲಿಲ್ಲ. ಏನು ಕೊಡಬೇಕು, ಯಾವಾಗ ಕೊಡಬೇಕು, ಭಾರ ಎತ್ತದೆ ಎಷ್ಟು ದಿನ ಇರಬೇಕು ಅಂತ ರಂಜನಾಳ ಬೆನ್ನು ಹತ್ತಿ ಕೇಳಿಕೊಂಡ.

ಮೊನ್ನೆ ಸ್ವಸಹಾಯ ಸಂಘದ ಸಭೆಗೆ ದುಗ್ಗಮ್ಮ ಬಂದಾಗ ಒಬ್ಬ ಹೆಂಗಸು, "ಅಂತೂ ಬ್ಯಾಗ್ ಹೋಗಿ ನೀ ಶುದ್ಧ ಆದೆ ನೋಡು" ಅಂದಳು, ಖುಷಿಯಿಂದಲೇ.

"ನಾ ಯಾವತ್ತು ಅಶುದ್ಧ ಆಗಿದ್ದೆ?" ಅಂತ ಕೇಳಿದಳು ದುಗ್ಗಮ್ಮ. "ಎಷ್ಟೋ ಜನಕ್ಕೆ ಬ್ಯಾಗ್ ಸಾಯೋ ತನಕ ಇರ್ತದೆ. ಅವರು ಸಾಯೋ ತನಕ ಕಟ್ಟಿಗೆ ಮನೇಲಿ ಇರ್ಬೇಕಾ? ಆ ಬ್ಯಾಗ್ ನನ್ನ ಬದುಕಿಸ್ತು ಕಣೆ. ಕೊಲ್ಲೋಕೆ ಹೊರಟಿದ್ದು ನಮ್ಮ ಮನೆ ಗಂಜಿ ತಿಳಿ."

ಅವಳ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ. ಅಂಥ ಸಿಟ್ಟು ನಮಗೂ ಸ್ವಲ್ಪ ಬರಬೇಕು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ, ನಿಮ್ಮ ಕೇರಿಯಲ್ಲಿ ಹೊಟ್ಟೆಯ ಆಪರೇಶನ್ ಆಗಿ ಬಂದವರು ಇದ್ದಾರೆಯೇ? ಅವರಿಗೆ ಏನು ಉಣ್ಣಿಸಬೇಕು ಅಂತ ನೆರೆಮನೆಯವರನ್ನು ಕೇಳಬೇಡಿ, ಆಪರೇಶನ್ ಮಾಡಿದ ಡಾಕ್ಟರನ್ನು, ವಾರ್ಡಿನ ನರ್ಸನ್ನು ಕೇಳಿ. ನಾಚಿಕೆ ಬಿಟ್ಟು ಎರಡು ಸಲ ಕೇಳಿ. ಬ್ಯಾಗ್ ಇದ್ದರೆ ಮನೆಯ ಇಬ್ಬರಾದರೂ ಅದನ್ನು ಬದಲಾಯಿಸಲು ಕಲಿತೇ ಆಸ್ಪತ್ರೆ ಬಿಡಿ. ಅದರಲ್ಲಿ ಒಬ್ಬರು ಗಂಡಸಾಗಿರಲಿ. ಆ ಕೆಂಪು ತುದಿ ಕಪ್ಪು ಅಥವಾ ನೀಲಿ ಬಣ್ಣಕ್ಕೆ ತಿರುಗಿದರೆ, ರಕ್ತ ನಿಲ್ಲದೆ ಬಂದರೆ, ಏನೂ ಹೊರಗೆ ಬಾರದೆ ಹೊಟ್ಟೆ ಉಬ್ಬಿ ವಾಂತಿಯಾದರೆ, ಜ್ವರ ಬಂದರೆ, ಕಾಲು ಊದಿದರೆ ಓಮ, ಕಷಾಯ ಅಂತ ಕಾಯಬೇಡಿ. ಹಬ್ಬ ಇದ್ದರೂ ಹೊರಡಿ. ಬ್ಯಾಗ್ ಇದ್ದವರಿಂದ ಯಾರಿಗೂ ರೋಗ ಅಂಟುವುದಿಲ್ಲ. ಅವರ ಪಕ್ಕದಲ್ಲಿ ಕೂತು ಉಣ್ಣಿ.

ಇದನ್ನು ಓದಿ ಮಡಚಿ ಇಟ್ಟುಬಿಡಬೇಡಿ. ಈಗಲೇ ಎದ್ದು ಆ ಮಲಗಿರುವವರ ಹತ್ತಿರ ಹೋಗಿ, "ಹೊಟ್ಟೆ ತುಂಬ ಉಂಡ್ಯಾ?" ಅಂತ ಕೇಳಿ. "ಹಸಿವಿಲ್ಲ" ಅಂದರೆ ನಂಬಬೇಡಿ.